ಕಾಯುವ ಕೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೃಷ್ಟಿಯನ್ನು ಕಾಯುವುದು ಕ್ರೈಸ್ತ ಭಕ್ತಿಯ ಭಾಗವೇ? ಹೌದಾದರೆ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮಣ್ಣಿನಲ್ಲಿ, ನಮ್ಮ ಮಳೆಯಲ್ಲಿ ಅದನ್ನು ಮಾಡುವುದು ಹೇಗೆ? ಹೀಗೆ ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ. ಸತ್ಯವೇದವನ್ನು (ಬೈಬಲ್) ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿರಿ.

ಪ್ರತಿ ವರ್ಷ ಜೂನ್ 5ರ ಪರಿಸರ ದಿನಕ್ಕೆ ನಮ್ಮ ದೇವಾಲಯದ ಕಂಪೌಂಡಿನಲ್ಲಿ ಐವತ್ತು ಸಸಿ ಹಚ್ಚುತ್ತೇವೆ. ಮರುವರ್ಷ ನೋಡಿದರೆ ನಾಲ್ಕೋ ಐದೋ ಉಳಿದಿರುತ್ತವೆ. "ದೇವರ ಮನಿಯೊಳಗ ಪ್ರಾರ್ಥನೆ ಮಾಡ್ರಿ, ಗಿಡ ಹಚ್ಚೋದು ಫಾರೆಸ್ಟ್‌ನವರ ಕೆಲಸ" ಅಂತ ಹಿರಿಯರು ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದ್ದೇವೆ?
— ಸಭಾ ಕಮಿಟಿ ಸದಸ್ಯರು, ಹುಬ್ಬಳ್ಳಿ

ಮೊದಲು ಹಿರಿಯರ ಮಾತು. ಆದಿಕಾಂಡ 2:15ರಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಎರಡು ಕೆಲಸಕ್ಕೆ: ವ್ಯವಸಾಯ ಮಾಡಲಿಕ್ಕೆ ಮತ್ತು ಕಾಯಲಿಕ್ಕೆ. ಹೀಬ್ರೂ ಮೂಲದಲ್ಲಿ ಆ ಪದಗಳು 'ಅವದ್' ಮತ್ತು 'ಶಮರ್'. ಅರಣ್ಯಕಾಂಡ 3:7-8ರಲ್ಲಿ ಆರಾಧನೆಯ ಸೇವೆಗೆ ಗೊತ್ತಾದ ಲೇವಿಯರು ದೇವರ ಗುಡಾರದಲ್ಲಿ ಮಾಡುವ ಸೇವೆಗೂ ಇವೇ ಪದಗಳು. ಆರಾಧನೆ ಮುಗಿಯುವಾಗ ಅಯ್ಯನವರು ಕೈಯೆತ್ತಿ ಹೇಳುವ ಆಶೀರ್ವಾದ ಅರಣ್ಯಕಾಂಡ 6:24ರದ್ದು. ದೇವರು ನಮ್ಮನ್ನು ಕಾಪಾಡಲಿ ಎನ್ನುವ ಅಲ್ಲಿನ ಪದವೂ ಶಮರ್. ದೇವರು ನಮಗೆ ಏನು ಮಾಡಲಿ ಎಂದು ವಾರವಾರ ಬೇಡುತ್ತೇವೋ, ಅದನ್ನೇ ತೋಟಕ್ಕೆ ಮಾಡಲು ನಮ್ಮನ್ನು ಇರಿಸಿದ್ದಾನೆ. ಹಿರಿಯರೊಂದಿಗೆ ವಾದ ಬೇಡ, ಈ ಮೂರು ವಚನಗಳನ್ನು ಒಟ್ಟಿಗೆ ಓದಿರಿ.

ಇನ್ನು ತಪ್ಪಿನ ವಿಚಾರ. ಆದಿಕಾಂಡ 2:8ರ ಪ್ರಕಾರ ತೋಟ ನೆಟ್ಟವನು ದೇವರೇ. ಮನುಷ್ಯನ ಪಾಲಿಗೆ ಬಂದದ್ದು ನೆಟ್ಟ ಮೇಲಿನ ಕೆಲಸ. ನಿಮ್ಮ ಸಭೆಯಲ್ಲಿ ನೆಡುವುದಕ್ಕೆ ಒಂದು ದಿನ ಗೊತ್ತಾಗಿದೆ, ಕಾಯುವುದಕ್ಕೆ ಒಬ್ಬರೂ ಗೊತ್ತಾಗಿಲ್ಲ. ಸಸಿಗಳು ಸಾಯುವುದು ಅದಕ್ಕೇ.

ನೀರಿನಿಂದ ಲೆಕ್ಕ ಶುರುಮಾಡಿ. ಫೆಬ್ರುವರಿ ಮೊದಲಿಂದ ಮೇ ಕೊನೆಯವರೆಗೆ 120 ದಿನ. ಐದು ದಿನಕ್ಕೊಮ್ಮೆ ಒಂದು ಸಸಿಗೆ 15 ಲೀಟರ್ ಎಂದರೆ 24 ಸಲ, ಒಟ್ಟು 360 ಲೀಟರ್. ಐವತ್ತು ಸಸಿಗೆ 18,000 ಲೀಟರ್; 5,000 ಲೀಟರಿನ ಟ್ಯಾಂಕರ್ ನಾಲ್ಕು ಸಲ ಬರಬೇಕು. ಅಷ್ಟು ನೀರು ಇಲ್ಲದಿದ್ದರೆ ಐವತ್ತು ಹಚ್ಚಬೇಡಿ, ಹತ್ತು ಹಚ್ಚಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸಬೇಕೆಂದು ಕರ್ತನಾದ ಯೇಸು ಹೇಳಿದ್ದು (ಲೂಕ 14:28) ಇಂಥ ಕೆಲಸಕ್ಕೂ ಸಲ್ಲುತ್ತದೆ.

ದಿನವನ್ನೂ ಸ್ವಲ್ಪ ಸರಿಸಿ. ಜೂನ್ ಮೊದಲ ವಾರ ಮಳೆ ಬಿದ್ದರೂ ನಮ್ಮ ಎರಿ (ಕಪ್ಪು ಮಣ್ಣಿನ) ನೆಲ ಒಂದಡಿ ಆಳದವರೆಗೆ ನೆನೆದಿರುವುದಿಲ್ಲ. ಜೂನ್ 5ರಂದು ಗುಂಡಿ ತೋಡಿ ಪ್ರಾರ್ಥನೆ ಮಾಡಿ, ಸಸಿಯನ್ನು ಜುಲೈ ಮೊದಲ ವಾರ ಹಚ್ಚಿ. ಗುಂಡಿ ಉದ್ದ, ಅಗಲ, ಆಳ ಎರಡೆರಡು ಅಡಿ ಇರಲಿ. ತೋಡಿದ ಮಣ್ಣು ಎರಡು ಬುಟ್ಟಿಗೆ ಗರಸು ಅಥವಾ ಉಸುಕು ಒಂದು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಬುಟ್ಟಿ ಬೆರೆಸಿ. ಗೆದ್ದಲಿಗೆ ಕಾಲು ಕೆ.ಜಿ. ಬೇವಿನ ಹಿಂಡಿ ಸಾಕು.

ಎರಿ ಮಣ್ಣಿನಲ್ಲಿ ಒಂದು ಮೋಸ ಇದೆ. ಗುದ್ದಲಿಯಿಂದ ಕಡಿದ ಗುಂಡಿಯ ಗೋಡೆ ಹಸಿ ಇದ್ದಾಗ ಸವರಿದಂತೆ ನುಣುಪಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಸಡಿಲ ಮಣ್ಣು ತುಂಬಿದರೆ ಸುತ್ತಲಿನ ಮಳೆನೀರೆಲ್ಲ ಅಲ್ಲಿಗೇ ಇಳಿದು, ಹೋಗಲು ದಾರಿಯಿಲ್ಲದೆ ನಿಂತು, ಆಗಸ್ಟಿನಲ್ಲಿ ಬೇರು ಕೊಳೆಯುತ್ತದೆ. ಎಲೆ ಹಳದಿಯಾದದ್ದು ಕಂಡು ನೀರು ಸಾಲದೆಂದು ಮತ್ತೆ ನೀರು ಹಾಕುವವರೇ ಹೆಚ್ಚು. ಅದಕ್ಕೆ ಗೋಡೆಯನ್ನು ಸಲಿಕೆಯ ಮೊನೆಯಿಂದ ಗೀರಿ ಒರಟು ಮಾಡಿ. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ಮೂರು-ನಾಲ್ಕು ಇಂಚು ಎತ್ತರಕ್ಕೆ ಬರಲಿ. ಮಳೆ ನಿಂತ ಮೇಲೆ ಅದೇ ಮಣ್ಣು ಬಿರಿಯುತ್ತದೆ, ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ. ಅಕ್ಟೋಬರಿನಲ್ಲೇ ಬುಡದ ಸುತ್ತ ಎರಡಡಿ ಅಗಲಕ್ಕೆ, ನಾಲ್ಕು ಇಂಚು ದಪ್ಪ ಒಣ ಎಲೆ ಅಥವಾ ಜೋಳದ ಸೊಪ್ಪೆ ಹಾಸಿ. ಕಾಂಡಕ್ಕೆ ಮಾತ್ರ ತಾಗದಿರಲಿ.

ಪ್ಲಾಸ್ಟಿಕ್ ಚೀಲ ಪೂರ್ತಿ ಬಿಚ್ಚಿಯೇ ಹಚ್ಚಿ. ತಳ ಮಾತ್ರ ಕತ್ತರಿಸಿ ಇಟ್ಟ ಸಸಿಯ ಬೇರು ಚೀಲದೊಳಗೇ ಸುತ್ತಿ ತನ್ನನ್ನು ತಾನೇ ಬಿಗಿಯುತ್ತದೆ. ಒಂದಡಿ ದೂರದಲ್ಲಿ ಐದಾರು ಲೀಟರಿನ, ಮೆರುಗಿಲ್ಲದ ಮಣ್ಣಿನ ಗಡಿಗೆ ಹೂತು, ಬಾಯಿ ಮುಚ್ಚಿ, ಅದಕ್ಕೆ ನೀರು ತುಂಬಿದರೆ ನೀರು ಜಿನುಗಿ ಬೇರಿಗೇ ಹೋಗುತ್ತದೆ. ಮೇಲೆ ಸುರಿದ ನೀರಿನಂತೆ ಆವಿಯಾಗುವುದಿಲ್ಲ. ಬೇವು, ಹೊಂಗೆ, ಹುಣಸೆ, ನೇರಳೆ ನಮ್ಮ ನೆಲಕ್ಕೆ ಒಗ್ಗಿದವು. ಕಟ್ಟಡದಿಂದ 20 ಅಡಿ ದೂರ ಇಡಿ, ಏಕೆಂದರೆ ಎರಿ ಮಣ್ಣಿನ ತೇವವನ್ನು ಮರ ಹೀರಿದಾಗ ಮಣ್ಣು ಕುಗ್ಗಿ ಬುನಾದಿ ಅಲುಗುತ್ತದೆ. ಅರಳಿ, ಆಲ, ಅತ್ತಿಗಳನ್ನು ಕಂಪೌಂಡ್ ಗೋಡೆಯ ಹತ್ತಿರ ತರಲೇಬೇಡಿ.

ಕೊನೆಗೆ, ಒಂದೊಂದು ಸಸಿಗೂ ಒಂದೊಂದು ಮನೆ. ಆ ವರ್ಷ ದೀಕ್ಷಾಸ್ನಾನವಾದ ಮಗುವಿನ ಹೆಸರಿಗೆ ಸಸಿ ಹಚ್ಚಿ ಆ ಮನೆಯವರಿಗೆ ಒಪ್ಪಿಸಿದರೆ ಮೂರು ಬೇಸಿಗೆ ಕಾಯುವವರು ಸಿಕ್ಕಂತೆ. ಲೂಕ 13:6-9ರಲ್ಲಿ ಹಣ್ಣು ಬಿಡದ ಅಂಜೂರದ ಮರ ಕಡಿಯಲು ಯಜಮಾನ ಹೇಳಿದಾಗ, ಈ ವರ್ಷವೂ ಇರಲಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಸಸಿ ಒಪ್ಪಿಸುವ ದಿನ ಓದಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

"ಈ ಲೋಕ ಹೇಗೂ ಬೆಂಕಿಗೆ ಆಹುತಿ, ಆತ್ಮದ ಚಿಂತೆ ಮಾಡ್ರಿ, ಗಿಡಮರ ಅಂತ ಓಡಾಡೋದು ಪ್ರಕೃತಿ ಪೂಜೆ ಆಗತೈತಿ" ಎಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು 2 ಪೇತ್ರ 3:10 ತೋರಿಸಿದರು. ಉತ್ತರ ಕೊಡಲಾಗಲಿಲ್ಲ.
— ಗೃಹಿಣಿ, ಧಾರವಾಡ

ಆ ವಚನದ ಕೊನೆಯ ಪದದ ಮೇಲೆ ಪಾಠಭೇದ ಇದೆ. ಭೂಮಿಯೂ ಅದರ ಮೇಲಿನ ಕೆಲಸಗಳೂ 'ಸುಟ್ಟುಹೋಗುವವು' ಎಂದು ಕೆಲವು ಹಸ್ತಪ್ರತಿಗಳಲ್ಲಿದೆ. ಬಹು ಹಳೆಯವಾದ ಸಿನಾಯ್ ಮತ್ತು ವ್ಯಾಟಿಕನ್ ಗ್ರೀಕ್ ಪ್ರತಿಗಳಲ್ಲಿ ಇರುವುದು 'ಕಂಡುಬರುವವು' ಎಂಬ ಅರ್ಥದ ಪದ: ಮುಚ್ಚಿಟ್ಟದ್ದೆಲ್ಲ ನ್ಯಾಯತೀರ್ಪಿನ ಮುಂದೆ ಬಯಲಾಗುವುದು ಎಂದು. ಅದೇ ಅಧ್ಯಾಯದ 6ನೇ ವಚನದಲ್ಲಿ ಜಲಪ್ರಳಯದಿಂದ ಆಗಿನ ಲೋಕ ನಾಶವಾಯಿತು ಎಂದಿದೆ. ಆದರೆ ನೋಹನು ನಾವೆಯಿಂದ ಇಳಿದು ಕಾಲಿಟ್ಟದ್ದು ಇದೇ ನೆಲದ ಮೇಲೆ. ನಾಶವಾದದ್ದು ಕೆಟ್ಟತನ. ಇಳಿದ ಮೇಲೆ ದೇವರು ಒಡಂಬಡಿಕೆ ಮಾಡಿಕೊಂಡದ್ದು ನೋಹನ ಮಕ್ಕಳೊಂದಿಗೆ ಮಾತ್ರ ಅಲ್ಲ, ಪಕ್ಷಿ, ಪಶು, ಕಾಡುಮೃಗಗಳೊಂದಿಗೂ (ಆದಿಕಾಂಡ 9:9-10). ರೋಮಾಪುರದವರಿಗೆ 8:21ರಲ್ಲಿ ಪೌಲನು ಸೃಷ್ಟಿಗೆ ಬಿಡುಗಡೆಯ ನಿರೀಕ್ಷೆ ಇದೆ ಎನ್ನುತ್ತಾನೆ. ಬಿಡುಗಡೆ ಆಗಬೇಕಾದದ್ದನ್ನು ನಾವು ಕಸದ ತೊಟ್ಟಿಯಂತೆ ಕಾಣುವುದು ಯಾವ ವಿಶ್ವಾಸ?

ಪೂಜೆಯ ಆಕ್ಷೇಪವನ್ನು ತಳ್ಳಿಹಾಕಬೇಡಿ, ಅದರಲ್ಲಿ ನಿಜವಿದೆ. ಸೂರ್ಯ ಚಂದ್ರರಿಗೆ ಅಡ್ಡಬೀಳಬಾರದೆಂದು ಧರ್ಮೋಪದೇಶಕಾಂಡ 4:19 ಖಂಡಿತವಾಗಿ ಹೇಳುತ್ತದೆ. ಆದರೆ 148ನೇ ಕೀರ್ತನೆ ಅದೇ ಸೂರ್ಯ ಚಂದ್ರರನ್ನು, ಹಣ್ಣಿನ ಮರಗಳನ್ನು, ಹರಿದಾಡುವ ಹುಳುಗಳನ್ನು ಕರೆದು ದೇವರನ್ನು ಸ್ತುತಿಸಿರಿ ಅನ್ನುತ್ತದೆ. ಅವು ನಮ್ಮ ಜೊತೆ ಆರಾಧನೆಗೆ ನಿಂತವು, ಆರಾಧನೆ ಪಡೆಯುವವಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸ್ ಸುಮಾರು 1225ರಲ್ಲಿ, ಕಣ್ಣು ಹೆಚ್ಚುಕಡಿಮೆ ಕಾಣದಂತಾದ ಕಾಲದಲ್ಲಿ ಕಟ್ಟಿದ ಹಾಡಿನಲ್ಲಿ ಸೂರ್ಯನನ್ನು ಅಣ್ಣ ಎಂದ, ನೀರನ್ನು ಅಕ್ಕ ಎಂದ. ಸ್ತುತಿಯನ್ನು ಮಾತ್ರ ಅವುಗಳ ಕರ್ತನಿಗೇ ಸಲ್ಲಿಸಿದ. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಕುರಿತು ಬರೆದ 'ಲೌದಾತೋ ಸಿ' ಪತ್ರಕ್ಕೆ ಹೆಸರು ಬಂದದ್ದು ಆ ಹಾಡಿನಿಂದಲೇ. ನಿಮ್ಮ ಕೂಟದಲ್ಲಿ ಮುಂದಿನ ಸಲ 148ನೇ ಕೀರ್ತನೆಯನ್ನು ಒಬ್ಬೊಬ್ಬರು ಒಂದೊಂದು ವಚನದಂತೆ ಜೋರಾಗಿ ಓದಿರಿ.

ನಮ್ಮದು ಹಳೆಯ ಹಂಚಿನ ಚಾವಣಿಯ ದೇವಾಲಯ, 60 ಅಡಿ ಉದ್ದ, 30 ಅಡಿ ಅಗಲ. ನಳದ ನೀರು ವಾರಗಟ್ಟಲೆ ಬರುವುದಿಲ್ಲ. ಮಳೆ ನೀರು ಹಿಡಿಯಬೇಕೆಂದು ಯುವಜನ ಸಂಘದ ವಿಚಾರ. ಎಷ್ಟು ಸಿಗುತ್ತದೆ, ಹೇಗೆ ಮಾಡಬೇಕು?
— ಯುವಜನ ಸಂಘ, ಹಳೇ ಹುಬ್ಬಳ್ಳಿ

ಚಾವಣಿಯ ಇಳಿಜಾರು ಅಳೆಯಬೇಡಿ, ಅದು ಮುಚ್ಚಿದ ನೆಲ ಅಳೆಯಿರಿ. 1,800 ಚದರಡಿ ಎಂದರೆ ಸುಮಾರು 167 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಹಂಚು ಸ್ವಲ್ಪ ಹೀರುತ್ತದೆ, ಸ್ವಲ್ಪ ಸಿಡಿದು ಹೋಗುತ್ತದೆ. ನೂರಕ್ಕೆ 80 ಪಾಲು ಹಿಡಿಯಿರಿ. 10 ಮಿ.ಮೀ. ಬಂದ ದಿನ 1,300 ಲೀಟರಿನ ಮೇಲೆ ಸಿಗುತ್ತದೆ. ಕೈಬಿಗಿ ಹಿಡಿದು ವರ್ಷಕ್ಕೆ 600 ಮಿ.ಮೀ. ಎಂದು ಲೆಕ್ಕ ಹಾಕಿದರೂ 80,000 ಲೀಟರ್.

ಸೂರಿನ ಉದ್ದಕ್ಕೂ ಆರು ಇಂಚಿನ ಅರ್ಧವೃತ್ತದ ದೋಣಿ ಕಟ್ಟಿ. ನೂರಡಿಗೆ ಒಂದಡಿ ಇಳಿಜಾರು, ಅಂದರೆ ನಿಮ್ಮ 60 ಅಡಿಗೆ ಏಳು ಇಂಚು. ಮೂರಡಿಗೊಂದು ಕೊಂಡಿ ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ದೋಣಿ ನಡು ಬಾಗಿ ನೀರು ಗೋಡೆಗೆ ಇಳಿಯುತ್ತದೆ. ಕೆಳಗಿಳಿಸಲು ನಾಲ್ಕು ಇಂಚಿನ ಪೈಪು.

ಮೊದಲ ಮಳೆಯ ನೀರು ಟ್ಯಾಂಕಿಗೆ ಹೋಗಬಾರದು. ಹಂಚಿನ ಮೇಲೆ ಎಂಟು ತಿಂಗಳ ಧೂಳು, ಪಾರಿವಾಳದ ಹಿಕ್ಕೆ ಇರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಆ ಮೊದಲ ನೀರು ಹಿಡಿದಿಡಲು ಮೂರು ಮೀಟರ್ ಪೈಪನ್ನೇ ನಿಲ್ಲಿಸುವುದು. ಆರು ಇಂಚಿನ ಪೈಪಿನಲ್ಲಿ ಮೀಟರಿಗೆ 18 ಲೀಟರ್ ಮಾತ್ರ ಹಿಡಿಯುತ್ತದೆ, ಮೂರು ಮೀಟರಿಗೆ 54. ನಿಮ್ಮ ಚಾವಣಿಯ 1 ಮಿ.ಮೀ. ನೀರೇ 167 ಲೀಟರ್. ಆದ್ದರಿಂದ 200 ಲೀಟರಿನ ಡ್ರಮ್ ಇಡಿ. ಅದು ತುಂಬಿದ ಮೇಲೆ ಉಳಿದ ನೀರು ಮುಂದಿನ ಪೈಪಿಗೆ ಹೊರಳಬೇಕು. ಡ್ರಮ್ಮಿನ ತಳದ ನಲ್ಲಿಯನ್ನು ಪ್ರತಿ ಮಳೆಯ ನಂತರ ತೆರೆದು ಖಾಲಿ ಮಾಡುವ ಹೊಣೆ ಒಬ್ಬರ ಹೆಸರಿಗೆ ಬರೆದಿಡಿ. ಡ್ರಮ್ ತುಂಬಿಯೇ ಇದ್ದರೆ ಮುಂದಿನ ಮಳೆಯ ಕೊಳೆ ನೇರ ಟ್ಯಾಂಕಿಗೆ.

ಸೋಸಲು ಇನ್ನೊಂದು ಡ್ರಮ್: ತಳದಲ್ಲಿ ಎಂಟು ಇಂಚು ಎತ್ತರಕ್ಕೆ ದಪ್ಪ ಕಲ್ಲು, ಮೇಲೆ ಎಂಟು ಇಂಚು 20 ಮಿ.ಮೀ. ಕಡಿ, ಅದರ ಮೇಲೆ ಹತ್ತು ಇಂಚು ತೊಳೆದ ದಪ್ಪ ಉಸುಕು, ಎಲ್ಲಕ್ಕೂ ಮೇಲೆ ಸೊಳ್ಳೆ ಜಾಲರಿ. ತೊಳೆಯದ ಉಸುಕು ಹಾಕಿದರೆ ಮೊದಲ ತಿಂಗಳಿಡೀ ಕೆಸರು ನೀರೇ ಬರುತ್ತದೆ. ಜೋರು ಮಳೆಯನ್ನು ಈ ಡ್ರಮ್ ತಡೆದುಕೊಳ್ಳಲಾರದು. ಹೊರಚೆಲ್ಲುವ ಪೈಪು ಕಡ್ಡಾಯ. ಚೆಲ್ಲಿದ ನೀರನ್ನು ಇಂಗು ಗುಂಡಿಗೆ ಬಿಡುವುದಾದರೆ ಗುಂಡಿ ಎರಿ ಮಣ್ಣನ್ನು ದಾಟಿ ಗರಸು ಮುಟ್ಟಬೇಕು. ಎರಿ ಮಣ್ಣು ನೆನೆದ ಕೂಡಲೇ ಉಬ್ಬಿ ತನ್ನ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಒಂದು ಹನಿಯೂ ಇಂಗುವುದಿಲ್ಲ. ಬುನಾದಿಯಿಂದ 15 ಅಡಿಯಾದರೂ ದೂರ ಇರಲಿ.

ಟ್ಯಾಂಕು ಬೆಳಕು ಹೋಗದಂತಿದ್ದರೆ ಪಾಚಿ ಕಟ್ಟುವುದಿಲ್ಲ. ಈ ನೀರು ಗಿಡಕ್ಕೆ, ತೊಳೆಯಲಿಕ್ಕೆ, ಕುಡಿಯುವುದಾದರೆ ಕುದಿಸಿ. 5,000 ಲೀಟರ್ ಟ್ಯಾಂಕು ಮಳೆಗಾಲದಲ್ಲಿ ಹತ್ತಾರು ಸಲ ತುಂಬಿ ಖಾಲಿಯಾಗುತ್ತದೆ, ಬೇಸಿಗೆಗೆ ಉಳಿಯುವುದು ಕೊನೆಯ 5,000 ಮಾತ್ರ. ಮೊದಲ ಪ್ರಶ್ನೆಯ ಲೆಕ್ಕದಲ್ಲಿ ಅದು 13 ಸಸಿಗಳ ಒಂದು ಬೇಸಿಗೆ.

ಒಂದು ಮಾತು ಹೇಳದೆ ಇರಲಾಗದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅಂಥ ಹಂಚು ಇನ್ನೂ ಗಟ್ಟಿಯಾಗಿದ್ದರೆ ನೀರಿಗಾಗಿ ಅದನ್ನು ತೆಗೆದು ತಗಡು ಹಾಕಬೇಡಿ. ಬಿರಿದ ಹಂಚು ಬದಲಿಸಿದರೆ ಸಾಕು.

ನನ್ನದು ಆರು ಎಕರೆ ಎರಿ ಹೊಲ. ಏಳನೇ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕು ಅಂತ ಸತ್ಯವೇದದಾಗ ಐತಿ. ಪೂರಾ ಬಿಟ್ಟರೆ ಮನಿ ನಡಿಯೂದಿಲ್ಲ. ಏನು ಮಾಡಲಿ?
— ರೈತರು, ಶಿರಹಟ್ಟಿ ತಾಲ್ಲೂಕು

ಯಾಜಕಕಾಂಡ 25ರ ಆ ಕಟ್ಟಳೆ ಇಸ್ರಾಯೇಲ್ಯರು ಸೇರಲಿದ್ದ ದೇಶಕ್ಕೆ ಹೇಳಿದ್ದು. ಅದು ನಿಮ್ಮ ಮೇಲೆ ಸಾಲದಂತೆ ಕುಳಿತಿಲ್ಲ. ಆದರೆ ಅದರ ಉದ್ದೇಶ ವಿಮೋಚನಕಾಂಡ 23:11ರಲ್ಲಿ ಬಿಡಿಸಿ ಹೇಳಿದೆ: ಬಿಟ್ಟ ಹೊಲದಲ್ಲಿ ತಾನಾಗಿ ಬೆಳೆದದ್ದು ಮೊದಲು ಬಡವರಿಗೆ, ಅವರು ಬಿಟ್ಟದ್ದು ಕಾಡುಮೃಗಗಳಿಗೆ. ಮಣ್ಣು, ಬಡವ, ಪ್ರಾಣಿ ಮೂರೂ ಅದರಲ್ಲಿವೆ. ಮೂರನ್ನೂ ನಿಮ್ಮ ಆರು ಎಕರೆಯಲ್ಲಿ ನಡೆಸಬಹುದು.

ಹೊಲವನ್ನು ಆರು ತುಂಡು ಮಾಡಿ, ವರ್ಷಕ್ಕೊಂದು ಎಕರೆಗೆ ಮುಂಗಾರಿಯಲ್ಲಿ ವಿಶ್ರಾಂತಿ ಕೊಡಿ. ಸುಮ್ಮನೆ ಬಿಡಬೇಡಿ. ಸುಮ್ಮನೆ ಬಿಟ್ಟ ಎರಿ ಹೊಲದಲ್ಲಿ ಕಾಂಗ್ರೆಸ್ ಕಸ, ಕರಿಕಿ, ಜೇಕು ಏಳುತ್ತವೆ. ಹರಗಿ ಬರಿದಾಗಿ ಇಟ್ಟರೆ ಜೂನ್-ಜುಲೈ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಹಸಿರು ಗೊಬ್ಬರಕ್ಕೆಂದು ಜೂನ್ ಹದ ಮಳೆಗೆ ಎಕರೆಗೆ 15ರಿಂದ 20 ಕೆ.ಜಿ. ಸೆಣಬಿನ ಬೀಜ ಚೆಲ್ಲಿ. 45ರಿಂದ 50 ದಿನಕ್ಕೆ, ಅಲ್ಲೊಂದು ಇಲ್ಲೊಂದು ಹೂವು ಕಂಡ ಕೂಡಲೇ ಮಣ್ಣಿಗೆ ಸೇರಿಸಿ. ಇಲ್ಲಿ ಹತ್ತು ದಿನ ತಡವಾದರೆ ಕೆಟ್ಟಿತು. ಸೆಣಬು ನಾರಿನ ಬೆಳೆ. ಕಾಂಡ ಬಲಿತರೆ ಕೊಳೆಯುವುದಿಲ್ಲ, ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಿಂದು ಹಿಂಗಾರಿ ಜೋಳ ಹಳದಿಯಾಗುತ್ತದೆ. ಹೊಲ ಕಾಲಿಗೆ ಮೆತ್ತುವಷ್ಟು ಹಸಿ ಇದ್ದಾಗ ಟ್ರ್ಯಾಕ್ಟರ್ ಇಳಿಸಬೇಡಿ, ಅಡಿಮಣ್ಣು ಗಟ್ಟಿಯಾಗುತ್ತದೆ. ಸೇರಿಸಿದ ಮೇಲೆ ಮೂರು ವಾರ ಬಿಟ್ಟು ಜೋಳವೋ ಕಡಲೆಯೋ ಬಿತ್ತಿ. ಮುಂಗಾರಿಯ ಆದಾಯ ಒಂದು ಎಕರೆಯದು ಹೋಗುತ್ತದೆ, ಹಿಂಗಾರಿಯದು ನಿಲ್ಲುತ್ತದೆ. ಬೀಜಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅಥವಾ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಮೇ ತಿಂಗಳಲ್ಲೇ ವಿಚಾರಿಸಿ.

ಬಡವರ ಪಾಲು ಹಕ್ಕಲು, ಅಂದರೆ ಕೊಯ್ದ ಮೇಲೆ ಹೊಲದಲ್ಲಿ ಉಳಿದದ್ದು. ಯಾಜಕಕಾಂಡ 19:9ರಲ್ಲಿ ಹೊಲದ ಅಂಚು ಕೊಯ್ಯಬೇಡ, ಹಕ್ಕಲಾಯಬೇಡ ಎಂದಿದೆ. ಬಡ ವಿಧವೆ ರೂತಳು ಬೋವಜನ ಹೊಲಕ್ಕೆ ಬಂದದ್ದು ಆ ಹಕ್ಕಿನ ಮೇಲೆ. ನಮ್ಮಲ್ಲಿ ಶೇಂಗಾ ಕಿತ್ತ ಮೇಲೆ ಹಕ್ಕಲು ಆಯುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಕಿತ್ತ ಮರುದಿನವೇ ಕುಂಟಿ ಹೊಡೆಯಬೇಡಿ, ಮೂರು ದಿನ ಬಿಡಿ, ಬಿಟ್ಟಿದ್ದೇವೆ ಎಂದು ಓಣಿಯಲ್ಲಿ ಹೇಳಿ ಕಳಿಸಿ. ಬೇಡಿ ಪಡೆಯುವಂತೆ ಆಗಬಾರದು.

ಮೂರನೆಯದು ನಿಮ್ಮ ತಾಲ್ಲೂಕಿಗೆ ವಿಶೇಷ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ತಾಣವಾಯಿತು, ಅಂದರೆ ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಕೆರೆಯಲ್ಲಿ ತಂಗುವ ಹಕ್ಕಿ ಮೇಯುವುದು ಸುತ್ತಲಿನ ಹೊಲಗಳಲ್ಲಿ. ನಿಮ್ಮ ಹೊಲ ಅದರ ಹತ್ತಿರವಿದ್ದರೆ ವಿಷ ಹಚ್ಚಿದ ಬಿತ್ತನೆ ಬೀಜ ಮೇಲೆ ಬಿದ್ದಿರದಂತೆ ಮಣ್ಣು ಮುಚ್ಚಿರಿ. ಚೀಲದಲ್ಲಿ ಉಳಿದ ಬೀಜವನ್ನು ಬದುವಿನ ಮೇಲೆ ಸುರಿಯಲೇಬೇಡಿ.

ಕ್ರಿಸ್‌ಮಸ್‌ಗೆ ಸರ್ವೆ ಮರದ ಟೊಂಗೆ ಕಡಿಯುವುದು ಸರಿಯೇ? ಪ್ಲಾಸ್ಟಿಕ್ ಮರವೇ ಒಳ್ಳೆಯದಲ್ಲವೇ?
— ಓದುಗರು, ಹಾವೇರಿ

ಈಗಾಗಲೇ ಪ್ಲಾಸ್ಟಿಕ್ ಮರ ಇದ್ದರೆ ಮುರಿಯುವವರೆಗೆ ಬಳಸಿ, ಹೊಸದು ಕೊಳ್ಳಬೇಡಿ. ಹೊಲದ ಬದುವಿನ ಸರ್ವೆಯಿಂದ ಒಂದು ಪಕ್ಕದ ಟೊಂಗೆ ತೆಗೆದರೆ ಮರಕ್ಕೆ ತೊಂದರೆಯಿಲ್ಲ. ತುದಿ ಕಡಿಯಬಾರದು, ಅಷ್ಟೇ. ಗೋದಲಿಗೆ ಥರ್ಮಾಕೋಲ್ ಬೇಡ. ಅಲಂಕಾರದ ಥರ್ಮಾಕೋಲ್‌ಗೆ 2022ರಿಂದ ದೇಶದಲ್ಲೇ ನಿಷೇಧವಿದೆ. ಗುಡ್ಡಕ್ಕೆ ಗೋಣಿತಟ್ಟಿಗೆ ಕೆಮ್ಮಣ್ಣು ಬಳಿದರೆ ಸಾಕು. ಹಸಿರಿಗೆ ಡಿಸೆಂಬರ್ 14ರ ರಾತ್ರಿ ಗೋಧಿ ನೆನೆಹಾಕಿ, ಮರುದಿನ ತಟ್ಟೆಯಲ್ಲಿ ಒಂದಿಂಚು ಮಣ್ಣಿನ ಮೇಲೆ ಒತ್ತಾಗಿ ಹರಡಿ, ದಿನಕ್ಕೆರಡು ಸಲ ನೀರು ಚಿಮುಕಿಸಿ; 24ಕ್ಕೆ ನಾಲ್ಕೈದು ಇಂಚು ಬೆಳೆದಿರುತ್ತದೆ. ತಟ್ಟೆಗೆ ತೂತಿಲ್ಲದೆ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಹಬ್ಬ ಮುಗಿದ ಮೇಲೆ ಎಮ್ಮೆಗೋ ಆಡಿಗೋ ಹಾಕಿ. ಅತಿಥಿಗಳಿಗೆ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ತರಿಸುವ ಬದಲು ನಿಮ್ಮ ಊರಿನ ಏಲಕ್ಕಿ ಮಾಲೆ ಇದ್ದೇ ಇದೆಯಲ್ಲ!

ಸಂಡೇ ಸ್ಕೂಲ್ ಮಕ್ಕಳಿಗೆ ಬಿತ್ತುವವನ ಸಾಮ್ಯ ಹೇಳಿದರೆ ಚಿತ್ರಕ್ಕೆ ಬಣ್ಣ ತುಂಬುವುದರಲ್ಲೇ ಮುಗಿಯುತ್ತದೆ. ಬೇರೆ ದಾರಿ?
— ಶಿಕ್ಷಕಿ, ಬೆಟಗೇರಿ

ಬಿತ್ತಿಸಿರಿ. ಸಾಮ್ಯದಲ್ಲಿ ಬೀಜ ಬೀಳುವ ನಾಲ್ಕು ನೆಲಕ್ಕೆ (ದಾರಿ, ಬಂಡೆ, ಮುಳ್ಳುಗಿಡ, ಒಳ್ಳೆಯ ಮಣ್ಣು) ನಾಲ್ಕು ತಗಡಿನ ಡಬ್ಬ, ನಾಲ್ಕು ಇಂಚು ಆಳ, ತಳದಲ್ಲಿ ತೂತು. ಒಂದರಲ್ಲಿ ಎರಿ ಮಣ್ಣು ನೆನೆಸಿ, ಕಲ್ಲಿನಿಂದ ಬಡಿದು, ಒಣಗಿಸಿ ಗಟ್ಟಿ ಮಾಡಿ: ಇದು ದಾರಿ. ಎರಡನೆಯದರಲ್ಲಿ ಶಹಾಬಾದ್ ಕಲ್ಲಿನ ತುಂಡಿಟ್ಟು ಮೇಲೆ ಅರ್ಧ ಇಂಚು ಮಣ್ಣು. ಮೂರನೆಯದರಲ್ಲಿ ಕರಿಕಿ ಬೇರು ತುಂಬಿದ ಮಣ್ಣು. ನಾಲ್ಕನೆಯದು ಸೋಸಿದ ಮಣ್ಣು ಎರಡು ಪಾಲು, ತಿಪ್ಪೆ ಗೊಬ್ಬರ ಒಂದು ಪಾಲು. ಒಂದೊಂದಕ್ಕೂ 20 ಜೋಳದ ಕಾಳು. ದಾರಿಯ ಡಬ್ಬದಲ್ಲಿ ಕಾಳನ್ನು ಮೇಲೆ ಚೆಲ್ಲಿ ಅಂಗಳದಲ್ಲಿ ಬಿಡಿ, ಗುಬ್ಬಿಯೋ ಇರುವೆಯೋ ತಮ್ಮ ಪಾಠ ತಾವೇ ಮಾಡುತ್ತವೆ.

ಮಕ್ಕಳಿಗೆ ಆಶ್ಚರ್ಯವಾಗುವುದು ಎರಡನೆಯ ಡಬ್ಬ. ತೆಳು ಮಣ್ಣು ಬೇಗ ಬಿಸಿಯೇರುವುದರಿಂದ ಅಲ್ಲೇ ಮೊದಲು ಮೊಳಕೆ ಏಳುವುದು ಹೆಚ್ಚು. ಮತ್ತಾಯ 13:5ರಲ್ಲಿ ಮಣ್ಣು ಆಳವಿಲ್ಲದ್ದರಿಂದ ಬೇಗನೆ ಮೊಳೆಯಿತು ಎಂದಿರುವುದು ಬೇಸಾಯ ಬಲ್ಲವನ ಮಾತು. ಒಂದು ಎಚ್ಚರಿಕೆ: ಡಬ್ಬಗಳನ್ನು ನೆರಳಲ್ಲಿಟ್ಟು ದಿನಾ ನೀರು ಹಾಕಿದರೆ ಕಲ್ಲಿನ ಮೇಲಿನದೂ ಬದುಕಿ ಪಾಠ ಕೆಡುತ್ತದೆ. ಬಿಸಿಲಿಗಿಡಿ, ದಿನ ಬಿಟ್ಟು ದಿನ ಅರ್ಧ ಲೋಟ ನೀರು. ಕರಿಕಿ ಜೋಳವನ್ನು ಅಡಗಿಸುವುದು ಕಾಣಲು ನಾಲ್ಕು ವಾರ ಬೇಕು. ಐದು ಭಾನುವಾರ ಕಾಯಿರಿ. ವಾರವಾರ ಮಕ್ಕಳೇ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ.

ಬೆಳೆ ಹಬ್ಬದ ಪ್ರೀತಿ ಭೋಜನಕ್ಕೆ ಇನ್ನೂರು ಮಂದಿ. ಕಾಗದದ ತಟ್ಟೆ ಪರಿಸರಕ್ಕೆ ಒಳ್ಳೆಯದಲ್ಲವೇ? ಉಳಿದ ಅನ್ನ ಏನು ಮಾಡಬೇಕು?
— ಮಹಿಳಾ ಸಂಘ, ಧಾರವಾಡ

ಹೊಳೆಯುವ ಕಾಗದದ ತಟ್ಟೆ, ಚಹಾ ಕಪ್ಪುಗಳ ಒಳಮೈಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಕೊಳೆಯುವುದಿಲ್ಲ, ಸುಟ್ಟರೆ ಹೊಗೆ ವಿಷ. ಸ್ಟೀಲ್ ತಾಟು ಬಾಡಿಗೆಗೆ ತನ್ನಿ. ಉಂಡವರೇ ತೊಳೆಯುವಂತೆ ಮೂರು ತೊಟ್ಟಿ ಇಡಿ: ಒಂದರಲ್ಲಿ ಎಂಜಲು ತೊಳೆಯಲು, ಒಂದರಲ್ಲಿ ಸೋಪು, ಒಂದರಲ್ಲಿ ಚೊಕ್ಕ ಬಿಸಿನೀರು. ಮೊದಲ ತೊಟ್ಟಿಯ ನೀರನ್ನಷ್ಟೇ ಐವತ್ತು ತಾಟಿಗೊಮ್ಮೆ ಬದಲಿಸಿದರೆ ನೀರು ಉಳಿಯುತ್ತದೆ.

ಐದು ಸಾವಿರ ಜನ ಉಂಡ ಮೇಲೆ ಕರ್ತನು ತುಂಡುಗಳನ್ನು ಕೂಡಿಸಿರಿ, ಯಾವುದೂ ಹಾಳಾಗಬಾರದು ಎಂದನು (ಯೋಹಾನ 6:12). ಹನ್ನೆರಡು ಪುಟ್ಟಿ ಎಣಿಸಿದರು. ನೀವೂ ಉಳಿದದ್ದನ್ನು ತೂಗಿ ಬರೆದಿಡಿ, ಮುಂದಿನ ವರ್ಷ ಅಕ್ಕಿ ಅಳೆಯುವಾಗ ಅದೇ ದಾರಿ ತೋರುತ್ತದೆ. ಮುಟ್ಟದ ಊಟವನ್ನು ಎರಡು ತಾಸಿನೊಳಗೆ ಹಂಚಿ. ಎಂಜಲು, ಸಿಪ್ಪೆಗೆ ಗೊಬ್ಬರದ ಗುಂಡಿ: ಒಂದು ಬಕೆಟ್ ಹಸಿಗೆ ಎರಡು ಬಕೆಟ್ ಒಣ ಎಲೆ, ಮೇಲೆ ಒಂದಿಂಚು ಮಣ್ಣು. ವಾಸನೆ ಬಂದರೆ ಒಣ ಎಲೆ ಸಾಲದು ಎಂದರ್ಥ. ಮಾಂಸ, ಎಲುಬು ಹಾಕಿದರೆ ಇಲಿ ನಾಯಿ ಬಂದು ಗುಂಡಿ ಕೆದರುತ್ತವೆ. ಗುಂಡಿ ಮೂರಡಿಗಿಂತ ಸಣ್ಣದಿದ್ದರೆ ಶಾಖವೇ ಏಳುವುದಿಲ್ಲ.

ನವೆಂಬರ್ 2ರ ಮೃತರ ಸ್ಮರಣೆಗೆ ಮುಂಚೆ ಸಮಾಧಿ ಭೂಮಿಗೆ ಕಸನಾಶಕ ಹೊಡೆಸಬಹುದೇ?
— ಧರ್ಮಕೇಂದ್ರದ ಪಾಲನಾ ಸಮಿತಿ ಸದಸ್ಯರು, ಹುಬ್ಬಳ್ಳಿ

ಬೇಡ. ಉತ್ತ ನೆಲವಲ್ಲದ್ದರಿಂದ ಹಳೆಯ ಸಮಾಧಿ ಭೂಮಿಯಲ್ಲಿ ನಮ್ಮ ನಾಡಿನ ಹುಲ್ಲು, ಸಣ್ಣ ಹೂಗಿಡ, ಚಿಟ್ಟೆ ಉಳಿದಿರುತ್ತವೆ; ಊರು ಬೆಳೆದಷ್ಟೂ ಅವಕ್ಕೆ ಬೇರೆ ಜಾಗ ಇಲ್ಲ. ನಡೆಯುವ ದಾರಿ ಮತ್ತು ಸಮಾಧಿಯ ಸುತ್ತ ಎರಡಡಿ ಮಾತ್ರ ಕುಡುಗೋಲಿನಿಂದ ಕೊಯ್ಸಿ, ಉಳಿದದ್ದನ್ನು ಬೀಜ ಉದುರಿದ ಮೇಲೆ ಡಿಸೆಂಬರಿನಲ್ಲಿ. ಕಾಂಗ್ರೆಸ್ ಕಸವನ್ನು ಮಾತ್ರ ಹೂಬಿಡುವ ಮೊದಲು, ಮಳೆ ಬಿದ್ದ ಮರುದಿನ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿ. ಬರಿಗೈಯಲ್ಲಿ ಕಿತ್ತರೆ ಹಲವರಿಗೆ ಚರ್ಮ ತುರಿಸಿ ಬೊಬ್ಬೆ ಏಳುತ್ತದೆ.

ವಯಸ್ಸು ಎಪ್ಪತ್ತೆಂಟು, ಮೂರನೇ ಮಹಡಿಯ ಮನೆ. ಗುಂಡಿ ತೋಡಲಾರೆ, ನೀರು ಹೊರಲಾರೆ. ನನ್ನಿಂದ ಏನಾದೀತು?
— ನಿವೃತ್ತ ಶಿಕ್ಷಕಿ, ಗದಗ

ಅಮ್ಮಾ, 104ನೇ ಕೀರ್ತನೆಯಲ್ಲಿ 35 ವಚನಗಳಿವೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಸಂಜೆ ಪ್ರಾರ್ಥನೆ ಶುರುವಾಗುವುದೇ ಅದರಿಂದ. ಸಂಜೆಗೆ ಐದು ವಚನದಂತೆ ಓದಿದರೆ ವಾರಕ್ಕೊಂದು ಸುತ್ತು. ಓದುವಾಗ ಕಿಟಕಿ ತೆರೆದಿರಲಿ. ಆ ಹೊತ್ತಿಗೆ ಕಂಡ ಹಕ್ಕಿ, ಮೋಡ, ಗಾಳಿ ಯಾವ ವಚನದಲ್ಲಿದೆ ಎಂದು ಹುಡುಕಿರಿ.

ಕೈಕೆಲಸಕ್ಕೆ, ಗುಬ್ಬಿಗಳಿಗೆ ನೀರು. ಅಂಗಡಿಯಲ್ಲಿ ಎರಡು ಕಾಸಿಗೆ ಐದು ಗುಬ್ಬಿ ಮಾರುತ್ತಾರೆ ಎಂದು ಲೂಕ 12:6ರಲ್ಲಿದೆ. ಮತ್ತಾಯ 10:29ರಲ್ಲಿ ಒಂದು ಕಾಸಿಗೆ ಎರಡು. ಎರಡನ್ನೂ ಕೂಡಿಸಿ ನೋಡಿದರೆ ಐದನೆಯ ಗುಬ್ಬಿ ಬಿಟ್ಟಿಯಾಗಿ ಬಂದದ್ದು. ಆ ಐದನ್ನೂ ಸೇರಿಸಿಯೇ ದೇವರು ಒಂದನ್ನೂ ಮರೆಯುವುದಿಲ್ಲ ಎಂದು ಕರ್ತನು ಹೇಳಿದ್ದು. ಒಂದೂವರೆ ಇಂಚು ಆಳದ, ಅಗಲ ಬಾಯಿಯ ಮಣ್ಣಿನ ತಟ್ಟೆ ತನ್ನಿ. ಆಳ ಹೆಚ್ಚಾದರೆ ಮರಿ ಗುಬ್ಬಿ ಮುಳುಗುತ್ತದೆ. ನಡುವೆ ಒರಟು ಕಲ್ಲೊಂದನ್ನು ನೀರಿನಿಂದ ತುಸು ಮೇಲೆ ಬರುವಂತೆ ಇಟ್ಟರೆ ಜೇನ್ನೊಣವೂ ಕುಳಿತು ಕುಡಿಯುತ್ತದೆ. ನೆರಳಿರುವ, ಬೆಕ್ಕು ಹತ್ತಲಾಗದ ಕಡೆ ಇಡಿ. ದಿನಾ ಬೆಳಿಗ್ಗೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸದು ತುಂಬಿ. ಸೋಪು ಬೇಡ. ವಾರ ಬಿಟ್ಟರೆ ಸೊಳ್ಳೆ ಮರಿಯಾಗುತ್ತದೆ. ಹಕ್ಕಿ ಮೊದಲ ದಿನವೇ ಬರುವುದಿಲ್ಲ, ಹತ್ತು ಹದಿನೈದು ದಿನ ಬೇಕಾದೀತು. ತಟ್ಟೆಯ ಜಾಗ ಮಾತ್ರ ಬದಲಿಸಬೇಡಿ.